ಇನ್ನೂರರ ಗುಂಡು

ನಮ್ಮ ಕಡೆ ಗಟ್ಟಿಗರೆಲ್ಲ ಸತ್ತವರೇ. ಬದುಕಿರುವ ಗಟ್ಟಿಗನೊಬ್ಬನನ್ನು ಈ ಅರವತ್ತೆಂಟು ವರ್ಷದಲ್ಲಿ ನಾನು ಕಂಡಿಲ್ಲ. ಚಿಕ್ಕವನಿದ್ದಾಗ ಅಪ್ಪ, ‘ನಿಮ್ಮ ತಾತನ ಕಾಲ ಅದು. ಈಗೆಲ್ಲವ್ರೆ ಅಂಥೋರು’ ಎನ್ನುತ್ತಿದ್ದರು. ತಾತನನ್ನೇ ಕೇಳಿದರೆ, ‘ನಮ್ಮದೇನ್ಲಾ ಮಗ, ನಮ್ಮ ತಾತನ್ನ ನೋಡ್ಬೇಕಿತ್ತು ನೀನು’ ಎಂದುಬಿಡುತ್ತಿದ್ದರು. ಹೀಗೆ ಒಬ್ಬೊಬ್ಬರೇ ತಾತನನ್ನು ದಾಟಿಕೊಂಡು ಹಿಂದೆ ಹೋದರೆ ಕೊನೆಗೆ ಹೊಯ್ಸಳರ ಸಳ ಸಿಗುತ್ತಾನೆ, ಅವನನ್ನೂ ದಾಟಿದರೆ ಭೀಮ. ಭೀಮನೇನಾದರೂ ನಮ್ಮೂರ ಅರಳಿಕಟ್ಟೆಯ ಮೇಲೆ ಕೂತಿದ್ದರೆ ಅವನೂ ‘ನಮ್ಮಪ್ಪ ವಾಯುದೇವ ಇದ್ನಲ್ಲ...’ ಅಂತಲೇ ಶುರು ಮಾಡುತ್ತಿದ್ದ.

ನಮ್ಮೂರು ಬೇಲೂರಿಗೂ ಹಳೇಬೀಡಿಗೂ ನಡುವೆ, ಡಾಂಬರು ರಸ್ತೆ ಬಿಟ್ಟು ಒಂದಷ್ಟು ಒಳಗೆ. ಊರ ನಡುವೆ ಗುಡಿ, ಗುಡಿಯ ಮುಂದೆ ಕಟ್ಟೆ, ಕಟ್ಟೆಯ ಮಗ್ಗುಲಲ್ಲಿ ಒಂದು ಗುಂಡುಕಲ್ಲು. ಕಲ್ಲಿನ ವಿಷಯ ಆಮೇಲೆ. ಮೊದಲು ಕಟ್ಟೆ.

ಮಳೆಗಾಲದ ಸಂಜೆ ಆ ಕಟ್ಟೆಯ ಮೇಲೆ ಎತ್ತಿದ ಭಾರವನ್ನೆಲ್ಲ ಒಟ್ಟುಹಾಕಿದರೆ ಚಂದ್ರದ್ರೋಣ ಪರ್ವತ ಇನ್ನೊಂದು ಆಗುತ್ತಿತ್ತು. ಕೆಸರಲ್ಲಿ ಗಾಡಿ ಹೂತಾಗ ಎತ್ತು ಬಿಚ್ಚಿ ನೊಗಕ್ಕೆ ತಾನೇ ಹೆಗಲು ಕೊಟ್ಟವನು ಊರೂರಲ್ಲೂ ಇದ್ದಾನೆ. ನಮ್ಮೂರಿನವನು ಒಂದು ಹೆಜ್ಜೆ ಮುಂದೆ. ಎತ್ತುಗಳು ಸುಸ್ತಾಗಿವೆ ಅಂತ ಅವನ್ನೂ ಗಾಡಿಗೆ ಹತ್ತಿಸಿಕೊಂಡು ಬಂದನಂತೆ. ಇನ್ನೊಬ್ಬ ತೆಂಗಿನಕಾಯನ್ನು ಹಲ್ಲಲ್ಲೇ ಸುಲಿಯುತ್ತಿದ್ದ. ಸಾಕ್ಷಿ ಏನು ಎಂದರೆ, ‘ಸಾಯೋ ಕಾಲಕ್ಕೆ ಅವನ ಬಾಯಲ್ಲಿ ಒಂದು ಹಲ್ಲಿರಲಿಲ್ಲ, ಸಾಕೇನಪ್ಪ?’ ಎನ್ನುತ್ತಿದ್ದರು. ಮತ್ತೊಬ್ಬ ಕೊಬ್ಬರಿ ಮೂಟೆ ಹೊತ್ತು ಬಾಣಾವರದಿಂದ ಅರಸೀಕೆರೆಗೆ ರೈಲಿನ ಜೊತೆ ಪಂದ್ಯ ಕಟ್ಟಿ ನಡೆದು, ಸ್ಟೇಷನ್ನಿನಲ್ಲಿ ಮೂಟೆ ಇಳಿಸಿ, ಎಲೆಅಡಿಕೆ ಹಾಕಿಕೊಂಡು ರೈಲಿಗೆ ಕಾಯುತ್ತ ಕೂತಿದ್ದನಂತೆ. ಗಾರ್ಡು ಇಳಿದು ಕೈ ಮುಗಿದನಂತೆ. ‘ರೈಲು ನೀರು ಕುಡಿಯೋಕೆ ನಿಂತ್ಕೊಳ್ತು ಕಣ್ಲಾ, ನಮ್ಮೋನು ನಿಂತ್ಕೊಳ್ಳಲಿಲ್ಲ’ ಎಂದು ಹೇಳುವವರು ಪಕ್ಷಪಾತವಿಲ್ಲದೆ ವಿವರಿಸುತ್ತಿದ್ದರು.

ನಗುವಿರಿ. ಆದರೆ 2020ರಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಇಡೀ ದೇಶವೇ ನಮ್ಮೂರ ಕಟ್ಟೆಯಾಗಿಬಿಟ್ಟಿತು. ಯಾರೋ ಅದನ್ನು ಭಾಗಿಸಿ ನೂರು ಮೀಟರಿಗೆ 9.55 ಎಂದರು. ಉಸೇನ್ ಬೋಲ್ಟನ ದಾಖಲೆ 9.58. ನಾನು ಗಣಿತದ ಮೇಷ್ಟ್ರಾಗಿದ್ದವನು, ಭಾಗಾಕಾರ ಹೆಚ್ಚುಕಡಿಮೆ ಸರಿಯಾಗಿದೆ. ಹಗ್ಗ ಹಿಡಿದವರನ್ನು ಎಳೆಯುತ್ತಿದ್ದ ಎರಡು ಕೋಣಗಳನ್ನು ಯಾವ ಸಂಖ್ಯೆಯಿಂದ ಭಾಗಿಸಬೇಕು ಎಂಬುದು ಮಾತ್ರ ಪಠ್ಯಪುಸ್ತಕದಲ್ಲಿರಲಿಲ್ಲ. ಗೌಡರಿಗೆ ಅದು ಗೊತ್ತಿತ್ತು. ಓಟದ ಪರೀಕ್ಷೆಗೆ ಬನ್ನಿ ಎಂದು ಸರ್ಕಾರವೇ ಕರೆದರೂ ಅವರು ಕೆಸರುಗದ್ದೆಯೇ ಸಾಕು ಎಂದು ಉಳಿದುಕೊಂಡರು.

ಕಟ್ಟೆಯ ಕಥೆಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಬಾವಿ ಹಾರಿದವನದು. ಬಾವಿಯೆಂದರೆ ಮೆಟ್ಟಿಲಿಟ್ಟ ದೊಡ್ಡ ಬಾವಿ. ಬದುವಿನ ಮೇಲೆ ಓಡಿ ಬಂದು, ತಲೆಯ ಮೇಲೆ ಮಜ್ಜಿಗೆ ಗಡಿಗೆ ಇಟ್ಟುಕೊಂಡೇ ಈ ದಡದಿಂದ ಆ ದಡಕ್ಕೆ ಹಾರಿದನಂತೆ. ಇಷ್ಟು ಹೇಳಿ ಮುದುಕರು ಒಂದು ಕ್ಷಣ ಸುಮ್ಮನಿದ್ದು, ‘ಒಂದು ತೊಟ್ಟು ಚೆಲ್ತು. ಸುಳ್ಳು ಹೇಳಬಾರದು’ ಎನ್ನುತ್ತಿದ್ದರು. ಆ ಒಂದು ತೊಟ್ಟಿನಲ್ಲಿದೆ ಕಥೆಗಾರನ ಜಾಣತನ. ಬಾವಿಯನ್ನು ನಂಬದವನೂ ಆ ತೊಟ್ಟನ್ನು ನಂಬಿಬಿಡುತ್ತಾನೆ.

ಈ ಕಥೆಗಳು ಹೇಗೆ ಬೆಳೆಯುತ್ತವೆ ಎಂದು ಕಂಡುಹಿಡಿಯಲು ನಾನೊಮ್ಮೆ ಹಿಮ್ಮುಖವಾಗಿ ಹೊರಟಿದ್ದೆ. ಅಮ್ಮನ ತವರು ಮೂಡಿಗೆರೆಯ ಕಡೆ. ಅಲ್ಲಿ ನನ್ನ ಮುತ್ತಾತ ಬರಿಗೈಯಲ್ಲಿ ಹುಲಿ ಕೊಂದ ಎಂಬ ಪ್ರತೀತಿ ಇತ್ತು. ಹೇಳಿದ್ದು ನನ್ನದೇ ವಯಸ್ಸಿನ ಮಾವನ ಮಗ. ಅವನಪ್ಪನನ್ನು, ಅಂದರೆ ಸೋದರಮಾವನನ್ನು ಕೇಳಿದೆ. ‘ಹುಲಿ ಅಲ್ಲ ಮಾರಾಯ, ಚಿರತೆ. ಕೈಯಲ್ಲಿ ಮಚ್ಚಿತ್ತು’ ಎಂದರು. ದೊಡ್ಡ ಮಾವನ ಬಳಿಗೆ ಹೋದೆ. ಅವರ ಪ್ರಕಾರ ಅದು ಹಂದಿ, ಜೊತೆಗೆ ನಾಲ್ಕು ಜನ ಇದ್ದರು, ಎರಡು ನಾಯಿಯೂ ಇದ್ದವು. ಕೊನೆಗೆ ಮುತ್ತಾತನ ಮಗಳನ್ನೇ ಹಿಡಿದೆ. ತೊಂಬತ್ತು ದಾಟಿದ ಅಜ್ಜಿ, ಒಲೆ ಮುಂದೆ ಕೂತಿತ್ತು. ‘ಕಾಡುಬೆಕ್ಕು ಕಣಪ್ಪ. ಕೋಳಿಗೂಡಿಗೆ ಬಂದಿತ್ತು. ಅಪ್ಪಯ್ಯ ದೊಣ್ಣೆ ಬೀಸಿದ್ರು. ಅದು ತಪ್ಪಿಸ್ಕೊಂಡು ಹೋಯ್ತು, ಏಟು ಕೋಳಿಗೆ ಬಿತ್ತು’ ಎಂದಿತು. ಅಲ್ಲಿಂದಾಚೆ ನಾನು ಯಾವ ಸಂಶೋಧನೆಗೂ ಕೈ ಹಾಕಲಿಲ್ಲ.

ಪಿಂಚಣಿ ಕೆಲಸಕ್ಕೆಂದು ಬೇಲೂರಿಗೆ ಹೋದಾಗಲೆಲ್ಲ ಚೆನ್ನಕೇಶವನ ಗುಡಿಯ ಬಾಗಿಲ ಪಕ್ಕದ ಸಳನನ್ನು ಒಮ್ಮೆ ನೋಡಿಕೊಂಡು ಬರುವುದು ರೂಢಿ. ಕಥೆ ಎಲ್ಲರಿಗೂ ಗೊತ್ತಿದೆ. ಸೊಸೆವೂರಿನ, ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯ, ವಾಸಂತಿಕಾ ದೇವಿಯ ಗುಡಿಯಲ್ಲಿ ಸುದತ್ತ ಮುನಿ ಪಾಠ ಹೇಳುತ್ತಿದ್ದಾಗ ಹುಲಿ ನುಗ್ಗಿತು, ಮುನಿ ‘ಹೊಯ್ ಸಳ’ ಎಂದ, ಸಳ ಹೊಯ್ದ. ಒಂದು ಏಟಿಗೆ ಒಂದು ರಾಜವಂಶ! ಹೇಳುವವರ ಬಾಯಲ್ಲಿ ಅದು ಹುಲಿ. ಕಲ್ಲಿನಲ್ಲಿ ಕೆತ್ತಿದವನು ಕುತ್ತಿಗೆಗೆ ಸೊಗಸಾದ ಕೇಸರ ಇಟ್ಟು ಸಿಂಹ ಮಾಡಿದ್ದಾನೆ. ಕೆಲವರ ಪ್ರಕಾರ ಕೈಯಲ್ಲಿದ್ದದ್ದು ಬೆತ್ತ, ಕೆಲವರ ಪ್ರಕಾರ ಕಠಾರಿ. ಮೃಗವಂತೂ ಸಳನಿಗಿಂತ ದೊಡ್ಡದು. ಇದೆಲ್ಲ ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ್ದರ ಸಂಕೇತ, ಹುಲಿ ಎಂದರೆ ಚೋಳರ ಲಾಂಛನ ಎನ್ನುವ ವಿದ್ವಾಂಸರೂ ಇದ್ದಾರೆ. ಇರಬಹುದು. ಹೊಯ್ಸಳ ದೊರೆ ವಿಷ್ಣುವರ್ಧನ ತಲಕಾಡು ಗೆದ್ದದ್ದು 1116ರಲ್ಲಿ, ಈ ಗುಡಿಯಲ್ಲಿ ದೇವರನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಆದರೆ ನನಗೆ ಆ ಸಿಂಹದ ಮುಖ ನೋಡಿದಾಗಲೆಲ್ಲ ಒಲೆ ಮುಂದಿನ ಅಜ್ಜಿಯ ನೆನಪಾಗುತ್ತದೆ. ಸೊಸೆವೂರಿನಲ್ಲೂ ಅಂಥದೊಂದು ಅಜ್ಜಿ ಇದ್ದಿರಬೇಕು, ಯಾರೂ ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು. 2023ರಲ್ಲಿ ಯುನೆಸ್ಕೋದವರು ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಮ್ಮ ಕಟ್ಟೆಯ ವಿದ್ಯೆಗೂ ಸ್ವಲ್ಪ ಮನ್ನಣೆ ಸಿಕ್ಕಿತು ಎಂದು ನಾನು ಒಳಗೊಳಗೇ ಬೀಗಿದೆ.

ಇಡೀ ಬೇಲೂರು ಸೀಮೆಯಲ್ಲಿ ಎಲ್ಲರಿಗಿಂತ ಚುರುಕು ಕಾಲಿನವನು ಯಾರು? ನಮ್ಮ ಮನೆಯ ಅಜ್ಜಿಯ, ಅಂದರೆ ಅಪ್ಪನ ಅಮ್ಮನ ಪ್ರಕಾರ ಚೆನ್ನಕೇಶವನೇ. ಆತನ ದೇವಿಯೊಬ್ಬಳು ಬಾಬಾಬುಡನ್‌ಗಿರಿಯಲ್ಲಿದ್ದಾಳಂತೆ. ನೋಡಿ ಬರಲು ಸ್ವಾಮಿ ಆಗಾಗ ಹೋಗಬೇಕು. ಬೇಲೂರಿನಿಂದ ಚಿಕ್ಕಮಗಳೂರಿಗೇ 25 ಕಿಲೋಮೀಟರು, ಅಲ್ಲಿಂದ ಮೇಲೆ ಗಿರಿ ಹತ್ತಬೇಕು. ಬೆಳಗಿನ ಪೂಜೆಗೆ ಗಂಟೆ ಹೊಡೆಯುವಷ್ಟರಲ್ಲಿ ವಾಪಸು ಬಂದು ಏನೂ ಆಗದವನ ಹಾಗೆ ನಿಂತಿರಬೇಕು. ಹೀಗೆ ತಿರುಗಿ ತಿರುಗಿ ಚಪ್ಪಲಿ ಸವೆಯುತ್ತಿತ್ತು. ಸವೆದಾಗ ಚನ್ನಗಿರಿ, ಬಸವಾಪಟ್ಟಣದ ಚಮ್ಮಾರರ ಕನಸಿನಲ್ಲಿ ಬಂದು ಹೇಳುತ್ತಿದ್ದ. ಅವರು ಹೊಸ ಜೋಡು ಹೊಲಿದು ತರುತ್ತಿದ್ದರು. ಇದನ್ನು ಬಿ.ಎಲ್. ರೈಸ್ ಕೂಡ ಮೈಸೂರು ಗೆಜೆಟಿಯರಿನಲ್ಲಿ ಗಂಭೀರವಾಗಿ ಬರೆದಿಟ್ಟಿದ್ದಾರೆ. ಆ ಜೋಡು ಒಪ್ಪಿಸುವುದಕ್ಕೆಂದು ಚಮ್ಮಾರರನ್ನು ಗುಡಿಯ ಅಂಗಳದೊಳಕ್ಕೆ ಬಿಡುತ್ತಿದ್ದರು ಎಂಬ ಮಾತೂ ಅಲ್ಲಿದೆ. ದೇವರ ಚಪ್ಪಲಿ ಬೇಗ ಬೇಗ ಸವೆಯಲಿ ಎಂದು ಅವರು ಹರಸಿಕೊಂಡಿದ್ದರೆ ಆಶ್ಚರ್ಯವಿಲ್ಲ. ಬೇಲೂರಿನಲ್ಲೇ ಚಪ್ಪಲಿ ಹೊಲಿಯುವವರಿದ್ದಾಗ ಸ್ವಾಮಿ ಅಷ್ಟು ದೂರ ಏಕೆ ಹೇಳಿಕಳಿಸುತ್ತಿದ್ದ ಎಂದು ನಾನು ಕೇಳಿದ್ದೆ. ‘ಊರೋರಿಗೆ ಹೇಳಿದ್ರೆ ಊರಿಗೆಲ್ಲ ಗೊತ್ತಾಗಲ್ವೇನ್ಲಾ, ರಾತ್ರಿ ಎಲ್ಲಿಗೆ ಹೋಗ್ತಾನೆ ಅಂತ’ ಎಂದಿತ್ತು ಅಜ್ಜಿ.

ಹಳೇಬೀಡಿನ ಕಡೆಯ ಶೌರ್ಯದಲ್ಲಿ ಇಷ್ಟು ನಗುವಿಲ್ಲ. ಹೊಯ್ಸಳೇಶ್ವರ ಗುಡಿಯ ಪಕ್ಕದಲ್ಲಿ ಕುವರ ಲಕ್ಷ್ಮನ ಕಂಬವಿದೆ. ದೊರೆ ಇಮ್ಮಡಿ ಬಲ್ಲಾಳನ ಜೊತೆಗೇ ಪ್ರಾಣ ಬಿಡುತ್ತೇವೆಂದು ಮಾತು ಕೊಟ್ಟವರು, ಮಾತಿಗೆ ತಪ್ಪದೆ ತಮ್ಮ ತಲೆ ತಾವೇ ಕತ್ತರಿಸಿಕೊಂಡದ್ದನ್ನು ಅದರ ಮೇಲೆ ಕೆತ್ತಿದ್ದಾರೆ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ನಾನು ಆ ಕಂಬದ ಹತ್ತಿರ ನಿಲ್ಲದೆ ಅವರನ್ನು ಆನೆಗಳ ಸಾಲಿನ ಕಡೆ ಅಟ್ಟಿಬಿಡುತ್ತಿದ್ದೆ. ನಮ್ಮ ಹೊಲಗದ್ದೆಗಳ ಬದುಗಳಲ್ಲಿ ವೀರಗಲ್ಲುಗಳೂ ಇವೆ. ಕೆಳಗಿನ ಅಂತಸ್ತಿನಲ್ಲಿ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ಈಗ ದನಗಳು ಅವಕ್ಕೆ ಮೈ ಉಜ್ಜುತ್ತವೆ. ಗೆದ್ದವನಿಗೆ ರಾಜ್ಯ, ಸತ್ತವನಿಗೆ ಕಲ್ಲು, ತಪ್ಪಿಸಿಕೊಂಡು ಬಂದವನಿಗೆ ಕಥೆ. ಕಟ್ಟೆಯ ಮೇಲೆ ಕೂತವರೆಲ್ಲ ಮೂರನೆಯ ಪಂಗಡದವರ ಮೊಮ್ಮಕ್ಕಳು.

ಕಲ್ಲುಗಳಲ್ಲಿ ನಾನು ಪೂರ್ತಿ ನಂಬುವುದು ಒಂದನ್ನೇ, ಮಂಡ್ಯ ಜಿಲ್ಲೆಯ ಆತಕೂರಿನದು. ತಕ್ಕೋಲದಲ್ಲಿ ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ 949ರ ಯುದ್ಧವಾದ ಮೇಲೆ ಮೆಚ್ಚಿದ ದೊರೆ, ಮಣಲೇರನೆಂಬ ವೀರನಿಗೆ ಏನು ಬೇಕು ಕೇಳು ಎಂದ. ಮಣಲೇರ ಊರು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಕಾದಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದಕ್ಕೊಂದು ಕಲ್ಲು ನೆಟ್ಟು ಭೂಮಿ ದತ್ತಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿ ಆನೆಯಾಗಲಿಲ್ಲ, ನಾಯಿ ಸಿಂಹವಾಗಲಿಲ್ಲ. ನಾಯಿಗೆ ಮೊಮ್ಮಕ್ಕಳು ಕಥೆ ಹೇಳುವುದಿಲ್ಲವಲ್ಲ, ಅದಕ್ಕಿರಬೇಕು.

ಈಗ ನಮ್ಮ ಕಲ್ಲು.

ಅದಕ್ಕೆ ‘ಇನ್ನೂರರ ಗುಂಡು’ ಎಂದೇ ಹೆಸರು. ಉರುಟಾದ ಕರಿಕಲ್ಲು, ಕೈ ಸವರಿದರೆ ಜಾರುವಷ್ಟು ನುಣುಪು. ಹಿಂದೆ ಅದು ಗರಡಿಮನೆಯ ಮುಂದಿತ್ತು. ಗರಡಿಮನೆ ಹೋಗಿ ಅಲ್ಲಿ ಹಾಲಿನ ಡೇರಿ ಬಂದ ಮೇಲೆ ಕಟ್ಟೆಯ ಪಕ್ಕಕ್ಕೆ ಬಂತು. ಯುಗಾದಿಯ ಮಾರನೆಯ ದಿನ, ವರ್ಷತೊಡಕಿನಂದು, ಬಾಡೂಟಕ್ಕೆ ಮುಂಚೆ ಗಂಡಸರು ಅದನ್ನು ಎತ್ತಬೇಕು. ಮೊದಲು ಮಂಡಿಗೆ, ಮಂಡಿಯಿಂದ ಎದೆಗೆ, ಎದೆಯಿಂದ ಹೆಗಲಿಗೆ, ಹೆಗಲಿನಿಂದ ಬೆನ್ನ ಹಿಂದಕ್ಕೆ. ಎತ್ತಿದವನಿಗೆ ಒಂದು ರುಮಾಲು, ಒಂದು ತೆಂಗಿನಕಾಯಿ. ನಮ್ಮ ತಾತ ಎತ್ತಿದ್ದರು. ಆ ರುಮಾಲು ಈಗಲೂ ನಮ್ಮ ಮನೆಯ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಇದೆ.

ಈ ವಿಷಯದಲ್ಲಿ ಅಜ್ಜಿಯ ಅಭಿಪ್ರಾಯ ಬೇರೆ ಇತ್ತು. ಅಪ್ಪ ಅತಿಥಿಗಳಿಗೆ ರುಮಾಲು ತೋರಿಸುವಾಗಲೆಲ್ಲ ಒಳಗಿನಿಂದ ಧ್ವನಿ ಬರುತ್ತಿತ್ತು: ‘ಎತ್ತಿದ್ದು ಒಂದು ಗಳಿಗೆ. ನಾನು ಅವ್ರ ಸೊಂಟಕ್ಕೆ ಹರಳೆಣ್ಣೆ ತಿಕ್ಕಿದ್ದು ಮೂವತ್ತು ವರ್ಷ. ಆ ರುಮಾಲ್ನ ನಂಗೆ ಕೊಡಬೇಕಿತ್ತು!’ ತಾತ ಆಗ ಮೀಸೆಯೊಳಗೇ ನಗುತ್ತ ಗೋಡೆ ಕಡೆ ತಿರುಗುತ್ತಿದ್ದರು. ತಿರುಗುವಾಗ ಸೊಂಟ ಹಿಡಿದುಕೊಳ್ಳುತ್ತಿದ್ದರು.

ನಾನೂ ಒಮ್ಮೆ ಪ್ರಯತ್ನಿಸಿದೆ. ಹತ್ತೊಂಬತ್ತರ ವಯಸ್ಸು, ಹಾಸನದ ಕಾಲೇಜಿನಿಂದ ಯುಗಾದಿಗೆ ಬಂದಿದ್ದೆ. ಸನ್ನೆ, ಭಾರಕೇಂದ್ರ ಎಲ್ಲ ಓದಿಕೊಂಡಿದ್ದೆ. ಬಲ ಬೇಕಿಲ್ಲ, ಕೋನ ಸರಿಯಿದ್ದರೆ ಸಾಕು ಎಂದು ಕಟ್ಟೆಯ ಮೇಲಿನವರಿಗೆ ಉಪನ್ಯಾಸವನ್ನೂ ಕೊಟ್ಟೆ. ಬಗ್ಗಿ ಅಪ್ಪಿಕೊಂಡೆ. ಕಲ್ಲು ಅಲುಗಲಿಲ್ಲ. ಇನ್ನೊಮ್ಮೆ ಉಸಿರು ಕಟ್ಟಿ ಎಳೆದಾಗ ಮೇಲೆ ಬಂದದ್ದು ನನ್ನ ಹಿಂಬದಿ, ಕೆಳಗೆ ಹೋದದ್ದು ಪಂಚೆ. ಊರ ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದರು. ‘ಕೋನ ಸರಿಯಾಗಿ ಕಾಣ್ತು ಬುಡಪ್ಪ’ ಎಂದರು ಒಬ್ಬ ಹಿರಿಯರು. ಆ ಮಾತು ಹತ್ತು ವರ್ಷ ನನ್ನ ಹಿಂದೆಯೇ ಓಡಾಡಿತು. ನಾನು ಮೇಷ್ಟ್ರಾದ ಮೇಲೂ ತ್ರಿಕೋನಮಿತಿಯ ಪಾಠ ಶುರು ಮಾಡಿದರೆ ನಮ್ಮೂರ ಹುಡುಗರು ಕೆಳಗೆ ನೋಡಿಕೊಂಡು ನಗುತ್ತಿದ್ದರು.

ಮಗಳು ಈಗ ಐರ್ಲೆಂಡಿನಲ್ಲಿದ್ದಾಳೆ, ಡಬ್ಲಿನ್ನಿನಲ್ಲಿ. ಒಂದು ಭಾನುವಾರ ಫೋನಿನಲ್ಲಿ, ‘ಅಪ್ಪಾ, ಇಲ್ಲೂ ಊರೂರಿಗೆ ಗುಂಡುಕಲ್ಲಿದೆ, ಇಲ್ಲೂ ತಾತಂದಿರು ಎತ್ತಿದ್ದಾರೆ’ ಎಂದಳು. 1937ರಿಂದ 1939ರವರೆಗೆ ಅಲ್ಲಿನ ಜಾನಪದ ಆಯೋಗದವರು ಸುಮಾರು ಐದು ಸಾವಿರ ಪ್ರಾಥಮಿಕ ಶಾಲೆಗಳ ಮಕ್ಕಳ ಕೈಗೆ ಬರೆಯುವ ಕೆಲಸ ಕೊಟ್ಟರಂತೆ. ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ಬರೆದುಕೊಂಡು ಬನ್ನಿ: ಊರ ಗಟ್ಟಿಗರು ಯಾರು, ಭಾರ ಎತ್ತಿದವರು ಯಾರು, ದೂರ ಹಾರಿದವರು ಯಾರು. ಸುಮಾರು ಐವತ್ತು ಸಾವಿರ ಮಕ್ಕಳು ಬರೆದರು. ಅವೆಲ್ಲ ಈಗಲೂ ಭದ್ರವಾಗಿವೆ. ಕೇಳಿ ನನಗೆ ಹೊಟ್ಟೆ ಉರಿಯಿತು. ಮೂವತ್ತನಾಲ್ಕು ವರ್ಷ ಪಾಠ ಹೇಳಿದೆ. ಮಕ್ಕಳಿಗೆ ಮನೆಗೆಲಸವೆಂದು ಮಗ್ಗಿ ಬರೆಸಿದೆ, ಮಗ್ಗಿ ಬರೆಸಿದೆ, ಮಗ್ಗಿಯನ್ನೇ ಬರೆಸಿದೆ. ರೈಲಿಗೆ ಕಾದು ಕೂತವನ ಹೆಸರೇನು ಎಂದು ಒಬ್ಬನಿಗಾದರೂ ಕೇಳಿ ಬಾ ಎನ್ನಲಿಲ್ಲ. ಈಗ ಹೇಳುವವರೂ ಇಲ್ಲ.

‘ನಮ್ಮ ಗುಂಡು ಎಷ್ಟು ತೂಕ ಅಪ್ಪಾ?’ ಎಂದಳು.

‘ಇನ್ನೂರು ಕಿಲೋ ಅಂತಾರೆ.’

‘ಯಾರಾದ್ರೂ ತೂಗಿದಾರಾ?’

ಗಣಿತದ ಮೇಷ್ಟ್ರ ಮಗಳಲ್ಲವೇ. ಮಾರನೆಯ ದಿನ ನಸುಕಿನಲ್ಲಿ, ಯಾರೂ ಏಳುವ ಮುಂಚೆ, ಹೆಂಡತಿಯ ಹೊಲಿಗೆ ಟೇಪು ಜೇಬಿಗಿಟ್ಟುಕೊಂಡು ಹೋದೆ. ಕಲ್ಲಿಗೆ ಟೇಪು ಸುತ್ತುವಾಗ ಡೇರಿಗೆ ಹಾಲು ಹಾಕಲು ಬಂದ ಹುಡುಗನೊಬ್ಬ, ‘ಏನ್ ಮಾಡ್ತಿದೀರಾ ಮೇಷ್ಟ್ರೇ?’ ಎಂದ. ಗುಂಡಪ್ಪನಿಗೆ ಅಂಗಿ ಹೊಲಿಸೋಣ ಅಂತ, ಎಂದು ಕಳಿಸಿದೆ. ಸುತ್ತಳತೆ ಸರಿಯಾಗಿ ಮೂರೂವರೆ ಅಡಿ. ಮನೆಗೆ ಬಂದು ಕರೆಂಟು ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ತ್ರಿಜ್ಯ 17 ಸೆಂಟಿಮೀಟರು, ಗಾತ್ರ ಇಪ್ಪತ್ತು ಲೀಟರು ಚಿಲ್ಲರೆ, ಗ್ರಾನೈಟು ನೀರಿಗಿಂತ 2.7 ಪಟ್ಟು ಭಾರ. ಉತ್ತರ ಬಂತು: 56 ಕಿಲೋ.

ಐವತ್ತಾರು! ಎದೆ ಧಸಕ್ಕೆಂದಿತು. ಮೂರು ಸಲ ತಾಳೆ ನೋಡಿದೆ. ಹಾಗಾದರೆ ತಾತ, ಮುತ್ತಾತ, ಊರಿಗೆ ಊರೇ ಸುಳ್ಳು ಹೇಳಿತೇ? ರುಮಾಲು ಸುಳ್ಳೇ? ಎರಡು ದಿನ ಊಟ ಸೇರಲಿಲ್ಲ. ಮೂರನೆಯ ರಾತ್ರಿ ಮಲಗಿದ್ದವನಿಗೆ ಅಜ್ಜಿಯ ದನಿ ಕೇಳಿದ ಹಾಗಾಯಿತು. ಅಂಗಡಿಗೆ ಕಳಿಸುವಾಗ ಅವಳು ಎಂದೂ ಕಿಲೋ ಎಂದವಳಲ್ಲ. ‘ಒಂದು ಸೇರು ಬೆಲ್ಲ ತಗಂಬಾ.’ ಎದ್ದು ದೀಪ ಹಾಕಿದೆ. ಮೈಸೂರು ಸೀಮೆಯ ಕಚ್ಚಾ ಸೇರು ಎಂದರೆ 24 ತೊಲ. ತೊಲಕ್ಕೆ 11.66 ಗ್ರಾಮಿನಂತೆ ಸೇರಿಗೆ 280 ಗ್ರಾಂ. ಇನ್ನೂರು ಸೇರು ಎಂದರೆ ಐವತ್ತಾರು ಕಿಲೋ!

ಹಿರಿಯರು ಒಂದು ತೊಲವೂ ಹೆಚ್ಚು ಹೇಳಿರಲಿಲ್ಲ. 1962ರ ಹೊತ್ತಿಗೆ ಮೆಟ್ರಿಕ್ ತೂಕ ಕಡ್ಡಾಯವಾದಾಗ ಬೆಲ್ಲ, ಬೇಳೆ, ಕೊಬ್ಬರಿ ಎಲ್ಲ ಹೊಸ ಬಟ್ಟಿಗೆ ಬಂದವು. ಗುಂಡಿಗೆ ಮಾತ್ರ ಯಾರೂ ತಿಳಿಸಲಿಲ್ಲ. ಅದು ಇನ್ನೂರರ ಗುಂಡಾಗಿಯೇ ಕೂತಿತು. ಕಿಲೋ ಎಂಬ ಮಾತು ಊರಿಗೆ ಬಂದು ಅದರ ಪಕ್ಕದಲ್ಲಿ ತಾನಾಗಿಯೇ ನಿಂತುಕೊಂಡಿತು. ನಮ್ಮೂರ ಅತಿ ದೊಡ್ಡ ಸುಳ್ಳನ್ನು ಹೇಳಿದ್ದು ಭಾರತ ಸರ್ಕಾರದ ಕಾಯಿದೆ.

ಇಷ್ಟು ಗೊತ್ತಾದ ಸಂತೋಷವನ್ನು ಯಾರಿಗೆ ಹೇಳುವುದು? ಕಟ್ಟೆಯ ಮೇಲೆ ಹೇಳಿದರೆ ತಾತನ ಮಾನ ಉಳಿಯುತ್ತದೆ, ಭಾರ ಹೋಗುತ್ತದೆ. ಜೊತೆಗೆ ನಾನು ಹತ್ತೊಂಬತ್ತರಲ್ಲಿ ಎತ್ತಲಾಗದೆ ಪಂಚೆ ಕಳೆದುಕೊಂಡದ್ದು ಬರೀ ಐವತ್ತಾರಕ್ಕೆ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಉರುಟು ಕಲ್ಲಿಗೆ ಹಿಡಿ ಇರುವುದಿಲ್ಲ, ಮೂಟೆಗಿಂತ ಕಷ್ಟ ಎಂಬ ನನ್ನ ಸಮಾಧಾನವನ್ನು ಯಾರು ಕೇಳುತ್ತಾರೆ? ಮಗಳಿಗೆ, ‘ಅಳತೆ ಇನ್ನೂ ನಡೀತಾ ಇದೆ’ ಎಂದೆ.

ಹೋದ ವರ್ಷ ಕಟ್ಟೆಯ ಸುತ್ತ ಕಾಂಕ್ರೀಟು ಹಾಕಿದರು. ರಾಯಚೂರಿನ ಕಡೆಯಿಂದ ಬಂದ ಗಂಡಹೆಂಡಿರು, ಲಾರಿಯಿಂದ ಸಿಮೆಂಟು ಇಳಿಸಿದರು. ಮೂಟೆಗೆ ಐವತ್ತು ಕಿಲೋ. ಇಡೀ ದಿನ ಒಂದಾದ ಮೇಲೊಂದು ಹೊತ್ತರು, ಕಟ್ಟೆಯ ಮೇಲೆ ನಾವೆಲ್ಲ ಕೂತು ಮೊಬೈಲು ನೋಡುತ್ತಿದ್ದೆವು. ಸಂಜೆ ಆ ಹೆಂಗಸು ಗುಂಡಿನ ಮೇಲೆ ಕೂತು ಮಗುವಿಗೆ ಬಿಸ್ಕತ್ತು ತಿನ್ನಿಸುತ್ತಿದ್ದಳು. ಕಲ್ಲನ್ನು ಸ್ವಲ್ಪ ಸರಿಸಿ ಕಾಂಕ್ರೀಟು ಹಾಕಿ ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಬೆಳಗಾಗುವಷ್ಟರಲ್ಲಿ ಗುಂಡು ಅರ್ಧ ಸಿಮೆಂಟಿನೊಳಗೆ ಕೂತು ಗಟ್ಟಿಯಾಗಿತ್ತು.

ಈಗ ಅದನ್ನು ಎತ್ತಲು ಯಾರಿಂದಲೂ ಆಗದು. ಭೀಮ ಬಂದರೂ ಅಷ್ಟೇ. ಟೇಪು ಸುತ್ತಲೂ ಆಗದು.

ಈ ಯುಗಾದಿಗೆ ಅದಕ್ಕೆ ಯಾರೋ ಅರಿಶಿನ ಕುಂಕುಮ ಇಟ್ಟಿದ್ದರು. ಬೆಂಗಳೂರಿನಿಂದ ರಜೆಗೆ ಬಂದಿದ್ದ, ಪಕ್ಕದ ಮನೆಯವರ ಮೊಮ್ಮಗ ಎರಡೂ ಕೈಯಲ್ಲಿ ಅದನ್ನು ತಬ್ಬಿಕೊಂಡು ಕೆಂಪಗಾಗುವವರೆಗೂ ಎಳೆದ. ಆಮೇಲೆ ನನ್ನ ಕಡೆ ತಿರುಗಿ, ‘ತಾತ, ಇದನ್ನ ನಿಜವಾಗ್ಲೂ ಎತ್ತುತಾ ಇದ್ರಾ?’ ಎಂದ.

‘ನಮ್ಮ ತಾತ ಎತ್ತಿದ್ರು ಕಣೋ. ರುಮಾಲಿದೆ ಮನೇಲಿ, ತೋರಿಸ್ತೀನಿ ಬಾ.’

‘ಎಷ್ಟಿದೆ?’

‘ಇನ್ನೂರು’ ಎಂದೆ.

ಅವನ ಕಣ್ಣು ದೊಡ್ಡದಾಯಿತು. ಏನು ಇನ್ನೂರು ಎಂದು ಕೇಳಲಿಲ್ಲ.